2070ರ ಲೆಕ್ಕ ಹಾಕುವ ಕಂಪ್ಯೂಟರ್‌ಗೆ ನಮ್ಮ ಮಳೆ ಗೊತ್ತಿದೆಯಾ?

ಬಾಳೂರು ತೋಟ:

ಎಲ್ಲರಿಗೂ ನಮಸ್ಕಾರ. ನಾನು ಮೂಡಿಗೆರೆ ತಾಲ್ಲೂಕಿನ ಬಾಳೂರು ಕಡೆಯವಳು. 11 ಎಕರೆ ತೋಟ ಇದೆ. ಜಾಸ್ತಿ ರೊಬಸ್ಟಾ, ಮನೆ ಹಿಂದಿನ ಇಳಿಜಾರಿನಲ್ಲಿ ಸ್ವಲ್ಪ ಅರೇಬಿಕಾ, ಮರಗಳಿಗೆಲ್ಲ ಮೆಣಸು. ಅಪ್ಪನಿಗೆ ಈಗ 78. ಒಂಬತ್ತು ವರ್ಷದಿಂದ ತೋಟ ನಾನೇ ನೋಡಿಕೊಳ್ಳುತ್ತಿದ್ದೇನೆ.

ಹೋದ ತಿಂಗಳು ಒಂದು ಬೆಳೆಗಾರರ ಸಭೆಗೆ ಹೋಗಿದ್ದೆ. ಹೊರಗಿನಿಂದ ಬಂದಿದ್ದವರೊಬ್ಬರು ಪರದೆ ಮೇಲೆ ದೊಡ್ಡ ಚಿತ್ರ ಹಾಕಿದರು. ಸೀರೆ ಅಂಚಿನ ಹಾಗೆ ಬಣ್ಣ ಬಣ್ಣದ ಪಟ್ಟಿಗಳು. ಕಪ್ಪು ಅಂದರೆ ಕಲ್ಲಿದ್ದಲು, ಹಳದಿ ಸೋಲಾರ್, ನೀಲಿ ನೀರಿನ ಕರೆಂಟು. ಎಡಗಡೆ ಕಪ್ಪು ದಪ್ಪಗಿದೆ. ಬಲಕ್ಕೆ ಬಂದ ಹಾಗೆ ತೆಳ್ಳಗಾಗಿ 2070ರ ಹೊತ್ತಿಗೆ ಎಳೆಯಷ್ಟು ಉಳಿಯುತ್ತದೆ. "ಇದು ಕಂಪ್ಯೂಟರ್ ಮಾಡೆಲ್ ತೋರಿಸಿದ ದಾರಿ. ದೇಶದ ನೀತಿ ಇಂಥ ಲೆಕ್ಕ ನೋಡಿಯೇ ಮಾಡುವುದು" ಅಂದರು. ನಾನು ಎದ್ದು ನಿಂತು, "ಆ ನೀಲಿ ಪಟ್ಟಿಗೆ ಮಳೆ ಎಷ್ಟು ಅಂತ ಹಿಡಿದಿದ್ದೀರಿ?" ಅಂತ ಕೇಳಿದೆ. "ಸರಾಸರಿ ಮಳೆ" ಅಂದರು. ಅಷ್ಟರಲ್ಲಿ ಊಟಕ್ಕೆ ಕರೆದರು. ಮಾತು ಅಲ್ಲಿಗೇ ನಿಂತಿತು.

ಆ ಸರಾಸರಿ ನನ್ನ ತಲೆಯಿಂದ ಹೋಗ್ತಾ ಇಲ್ಲ. ನಮ್ಮ ಅಂಗಳದಲ್ಲಿ ಮಳೆ ಮಾಪಕ ಇದೆ. ಅಪ್ಪ ದಿನಾ ಬೆಳಿಗ್ಗೆ ಎಂಟಕ್ಕೆ ಅಳೆದು ಬರೆಯುತ್ತಾರೆ. ತೋಟದವರಿಗೆ ಗೊತ್ತಿರುತ್ತದೆ, ನಮ್ಮದು ಇಂಚು, ಸೆಂಟ್ ಲೆಕ್ಕ. ನೂರು ಸೆಂಟ್ ಅಂದರೆ ಒಂದು ಇಂಚು. 1969ರಿಂದ ಬರೆದ ಪುಸ್ತಕಗಳು ಬೀರುವಿನಲ್ಲಿವೆ. ಆ ಲೆಕ್ಕದಲ್ಲಿ ನಮ್ಮಲ್ಲಿ ಮಾರ್ಚ್ ತಿಂಗಳ ಸರಾಸರಿ ಒಂದೂವರೆ ಇಂಚಿನ ಹತ್ತಿರ ಬರುತ್ತದೆ. ಅದು ಒಂದೇ ಸಂಜೆ ಬಿದ್ದರೆ ಎಂಟನೇ ದಿನಕ್ಕೆ ತೋಟವೆಲ್ಲ ಬೆಳ್ಳಗೆ ಹೂವು. ಅದೇ ಮಳೆ ಐವತ್ತು ಸೆಂಟಿನ ಹಾಗೆ ಮೂರು ಸಲ ಬಿದ್ದರೆ ಮೊಗ್ಗು ಅರ್ಧ ಒಡೆದು ಕರಟಿ ಹೋಗುತ್ತದೆ. ಪುಸ್ತಕದಲ್ಲಿ ಎರಡು ವರ್ಷಕ್ಕೂ ಒಂದೇ ಮೊತ್ತ. ಒಂದು ವರ್ಷ ಬೆಳೆ, ಇನ್ನೊಂದು ವರ್ಷ ಸಾಲ.

ಹೂ ಮಳೆ ಕೈಕೊಟ್ಟರೆ ಕೆರೆಯಿಂದ ಜೆಟ್ ಹಾಕಬೇಕು, ಅಂದರೆ ಪಂಪಿನಿಂದ ನೀರೆತ್ತಿ ಮಳೆಯ ಹಾಗೆ ಗಿಡಗಳ ಮೇಲೆ ಚಿಮ್ಮಿಸಬೇಕು. ನಮ್ಮದು 10 ಎಚ್‌ಪಿ ಮೋಟರ್. 2022ರ ಫೆಬ್ರವರಿ ಕೊನೆಯಲ್ಲಿ ತ್ರೀ ಫೇಸ್ ಕರೆಂಟು ರಾತ್ರಿ ಹನ್ನೊಂದಕ್ಕೆ ಬರುತ್ತಿತ್ತು. ಕೆರೆ ಮನೆಯಿಂದ ಅರ್ಧ ಕಿಲೋಮೀಟರ್. ಟಾರ್ಚ್ ಹಿಡಿದು ನಾನೂ ಕೂಲಿ ಲೈನಿನ ಹುಡುಗನೂ ಹೊರಟೆವು. ಪಂಪ್‌ಹೌಸ್ ತಿರುವಿಗೆ ಬಂದಾಗ ಬೈನೆ ಮರ ಸೀಳುವ ಸದ್ದು ಕೇಳಿಸಿತು. ಟಾರ್ಚ್ ಆರಿಸಿ ನಿಂತುಬಿಟ್ಟೆವು. ಆನೆ ಕಣ್ಣಿಗೆ ಬೀಳಲಿಲ್ಲ. ಕಿವಿ ಬಡಿಯುವುದು ಮಾತ್ರ ಕೇಳುತ್ತಿತ್ತು, ಒದ್ದೆ ಗೋಣಿಚೀಲ ಕೊಡವಿದ ಹಾಗೆ. ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ ಗೊತ್ತಿಲ್ಲ. ಮೆಲ್ಲಗೆ ಹಿಂದೆ ಹೆಜ್ಜೆ ಇಟ್ಟು ಮನೆ ಸೇರಿದೆವು. ಆ ರಾತ್ರಿ ನೀರು ಹಾಯಲಿಲ್ಲ. ಮಾರನೇ ರಾತ್ರಿಯೂ ನಾನು ಹೋಗಲಿಲ್ಲ. ಹುಡುಗನನ್ನು ಕಳಿಸಲೂ ಇಲ್ಲ.

ಈಗ ನನ್ನ ಪ್ರಶ್ನೆ. ನಾಳೆ ಸಂಜೆ ಹೂ ಮಳೆ ಬರುತ್ತದೋ ಇಲ್ಲವೋ ಅಂತ ಫೋನಿನಲ್ಲಿ ನೋಡಿದರೆ ಮೂರು ಕಡೆ ಮೂರು ಉತ್ತರ. ಹಾಗಿರುವಾಗ 2070ರ ಮಾತು ಕಂಪ್ಯೂಟರ್ ಹೇಗೆ ಹೇಳುತ್ತದೆ? ಅದರೊಳಗೆ ಏನು ಹಾಕುತ್ತಾರೆ, ಯಾರು ಹಾಕುತ್ತಾರೆ? ಆ ಬಣ್ಣದ ಪಟ್ಟಿಯಲ್ಲಿ ನನ್ನ ಮೋಟರ್ ಎಲ್ಲಿದೆ? ಜಗಳಕ್ಕೆ ಕೇಳ್ತಾ ಇಲ್ಲ. ನಿಜಕ್ಕೂ ತಿಳಿಯಬೇಕಾಗಿದೆ.

ಅರಕಲಗೂಡಿನವನು:

ಅಕ್ಕ, ನಮಸ್ಕಾರ. ನಮ್ಮೂರು ಅರಕಲಗೂಡಿನ ಹತ್ತಿರ. ಮನೇಲಿ ಆಲೂಗಡ್ಡೆ, ಹೊಗೆಸೊಪ್ಪು. ನಾನು ಬೆಂಗಳೂರಿನಲ್ಲಿ ಇಂಧನದ ಮಾಡೆಲ್‌ಗಳ ಮೇಲೇ ಕೆಲಸ ಮಾಡುವವನು. ಸಭೆಯಲ್ಲಿ ನೀವು ಕೇಳಿದ್ದು ಸರಿಯಾದ ಪ್ರಶ್ನೆ. ಸಿಕ್ಕ ಉತ್ತರ ಸಾಲದು.

ಮೊದಲು ಒಂದು ಗಂಟು ಬಿಡಿಸಬೇಕು. ಮಾಡೆಲ್ ಅಂತ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ವಸ್ತು ಇವೆ. ಒಂದು ಹವಾಮಾನದ್ದು. ಗಾಳಿ, ಸಮುದ್ರ, ಬಿಸಿಲು, ತೇವ ಇವುಗಳ ಭೌತಶಾಸ್ತ್ರವನ್ನು ಕಂಪ್ಯೂಟರಿನಲ್ಲಿ ಓಡಿಸುವುದು. ಇದಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ಸ್ಯುಕುರೊ ಮನಾಬೆ ಅವರಿಗೆ 2021ರಲ್ಲಿ ನೊಬೆಲ್ ಬಂತು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರೂ ನಮ್ಮದೇ ಒಂದು ಮಾಡೆಲ್ ಕಟ್ಟಿದ್ದಾರೆ. ಇವು ಮಾರ್ಚ್ 12ರ ಸಂಜೆ ಬಾಳೂರಿನಲ್ಲಿ ಮಳೆಯಾ ಅಂತ ಹೇಳುವುದಿಲ್ಲ. ಹತ್ತಿಪ್ಪತ್ತು ವರ್ಷದ ಸ್ವಭಾವ ಹೇಗೆ ತಿರುಗುತ್ತದೆ ಅಂತ ಹೇಳುತ್ತವೆ. ನಿಮ್ಮ ಅಪ್ಪನ ಪುಸ್ತಕ ನಾಳೆಯದನ್ನು ಹೇಳುವುದಿಲ್ಲ, ಆದರೆ ಎಪ್ಪತ್ತರ ದಶಕದ ಜುಲೈಗೂ ಈಗಿನ ಜುಲೈಗೂ ಏನು ವ್ಯತ್ಯಾಸ ಅಂತ ಹೇಳುತ್ತದೆ ಅಲ್ವಾ, ಹಾಗೆ.

ತೊಡಕು ಇರುವುದು ಚೌಕದ ಅಳತೆಯಲ್ಲಿ. ಇಡೀ ಭೂಮಿಯನ್ನು ಲೆಕ್ಕಕ್ಕೆ ತಗೊಂಡಾಗ ಒಂದೊಂದು ಚೌಕ 100, 200 ಕಿಲೋಮೀಟರ್ ಇರುತ್ತದೆ. ಅಂಥ ಒಂದು ಚೌಕದೊಳಗೆ ಮಂಗಳೂರಿನ ಕಡಲೂ ಬಂತು, ಚಾರ್ಮಾಡಿ ಘಾಟಿಯೂ ಬಂತು, ಹಾಸನವೂ ಬಂತು. ಕೊಟ್ಟಿಗೆಹಾರದಲ್ಲಿ ನೂರು ಇಂಚು ದಾಟುವ ಮಳೆ, ಕಡೂರಿನಲ್ಲಿ ಇಪ್ಪತ್ತೈದು ಇಂಚಿಗೂ ಕಷ್ಟ. ಎರಡರ ನಡುವೆ ನೇರ ಗೆರೆಯಲ್ಲಿ ಎಪ್ಪತ್ತು ಕಿಲೋಮೀಟರ್ ಆಸುಪಾಸು ಅಷ್ಟೇ. ಚೌಕದ ಕಣ್ಣಿಗೆ ಎರಡೂ ಒಂದೇ ಊರು. ಆಮೇಲೆ 50, 25 ಕಿಲೋಮೀಟರಿಗೆ ಇಳಿಸಿ ಲೆಕ್ಕ ಹಾಕುವವರಿದ್ದಾರೆ. ಆಗಲೂ ಘಟ್ಟದ ಅಂಚು ಮಬ್ಬಾಗಿಯೇ ಕಾಣುವುದು.

ಇನ್ನೊಂದು ಇಂಧನದ ಮಾಡೆಲ್. ನೀವು ನೋಡಿದ ಬಣ್ಣದ ಪಟ್ಟಿ ಇದರದ್ದು. ಇದು ಭವಿಷ್ಯ ಹೇಳುವುದೇ ಇಲ್ಲ. ನೀವು ಹಳೇ ಅರೇಬಿಕಾ ಕಿತ್ತು ರೊಬಸ್ಟಾ ಹಾಕೋಣವಾ ಅಂತ ಯೋಚಿಸಿದಾಗ ಏನು ಮಾಡುತ್ತೀರಿ? ಗಿಡಕ್ಕೆ ಎಷ್ಟು, ಗುಂಡಿಗೆ ಎಷ್ಟು, ಆಳಿನ ಕೂಲಿ ಎಷ್ಟು, ಫಸಲು ಬರುವ ತನಕ ಮೂರ್ನಾಲ್ಕು ವರ್ಷ ಸಂಸಾರ ಹೇಗೆ, ಬ್ಯಾಂಕಿನ ಬಡ್ಡಿ ಎಷ್ಟು, ಆಮೇಲೆ ನಲವತ್ತು ವರ್ಷ ಆ ಗಿಡ ಏನು ಕೊಡುತ್ತದೆ. ಇದನ್ನೇ ದೇಶದ ಕರೆಂಟಿಗೆ ಮಾಡುವುದು. ಇಂದು ಕಟ್ಟಿದ ಕಲ್ಲಿದ್ದಲು ಸ್ಥಾವರ ಮೂವತ್ತು, ನಲವತ್ತು ವರ್ಷ ನಿಲ್ಲುತ್ತದೆ. ಹಾಗಾಗಿ ಈಗಿನ ತಪ್ಪು ಆಗಲೂ ನಿಂತಿರುತ್ತದೆ. 1973ರಲ್ಲಿ ಎಣ್ಣೆ ಬೆಲೆ ಏರಿ ದೇಶದೇಶಗಳು ಬೆಚ್ಚಿಬಿದ್ದ ಮೇಲೆ ಇಂಥ ಲೆಕ್ಕಗಳು ಶುರುವಾದವು. ಮಾರ್ಕಲ್ ಅನ್ನುವ ಮಾಡೆಲ್ ಆಗ ಹುಟ್ಟಿದ್ದು. ಬೇಡಿಕೆ ಇಷ್ಟು, ಇಂಗಾಲ ಇಷ್ಟಕ್ಕಿಂತ ಜಾಸ್ತಿ ಬಿಡಬಾರದು, ಎಲ್ಲಕ್ಕಿಂತ ಕಡಿಮೆ ಖರ್ಚಿನ ದಾರಿ ಯಾವುದು ಅಂತ ಅದು ಹುಡುಕುತ್ತದೆ. 2070ಕ್ಕೆ ನೆಟ್ ಝೀರೋ, ಅಂದರೆ ಬಿಟ್ಟಷ್ಟು ಇಂಗಾಲವನ್ನು ಹೀರಿಕೊಂಡು ಲೆಕ್ಕ ಸೊನ್ನೆ ಮಾಡುವುದು, ಅಂತ 2021ರಲ್ಲಿ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ನಮ್ಮ ದೇಶ ಹೇಳಿತಲ್ಲ, ಆ ಗುರಿಯನ್ನು ಕಂಪ್ಯೂಟರ್ ಕೊಟ್ಟದ್ದಲ್ಲ. ಗುರಿ ಮನುಷ್ಯರದ್ದು. ಅಲ್ಲಿಗೆ ಹೋಗುವ ದಾರಿಗಳನ್ನು ಹೋಲಿಸಲು ಮಾಡೆಲ್.

ಯಾರು ಏನು ಹಾಕುತ್ತಾರೆ ಅಂದಿರಿ. ಮುಖ್ಯವಾದದ್ದು ಅದೇ. ಉದಾಹರಣೆಗೆ ಬಡ್ಡಿ ಲೆಕ್ಕ. ಮೂವತ್ತು ವರ್ಷ ಆದಮೇಲೆ ಆಗುವ 100 ರೂಪಾಯಿ ನಷ್ಟವನ್ನು ಇವತ್ತಿಗೆ ಎಷ್ಟು ಅಂತ ಹಿಡಿಯುವುದು? ವರ್ಷಕ್ಕೆ 5% ಅಂತ ಹಿಡಿದರೆ 23 ರೂಪಾಯಿ. 10% ಅಂತ ಹಿಡಿದರೆ ಆರು ರೂಪಾಯಿಯೂ ಇಲ್ಲ. ಅದೇ ಮಾಡೆಲ್, ಅದೇ ದೇಶ. ಒಂದು ಅಂಕಿ ತಿದ್ದಿದ್ದಕ್ಕೆ ಮೊಮ್ಮಕ್ಕಳ ಕಾಲದ ಪ್ರವಾಹ, ಬರ ಎಲ್ಲ ನಾಲ್ಕನೇ ಒಂದು ಭಾಗಕ್ಕೆ ಇಳಿದವು. ಈ ಅಂಕಿ ಯಾವ ಬಣ್ಣದ ಪಟ್ಟಿಯಲ್ಲೂ ಕಾಣುವುದಿಲ್ಲ. ಕೇಳಿದರೆ ಮಾತ್ರ ಹೇಳುತ್ತಾರೆ.

ಬೆಲೆಯೂ ಹಾಗೇ. 2010ರ ಕೊನೆಯಲ್ಲಿ ದೇಶದ ದೊಡ್ಡ ಸೋಲಾರ್ ಹರಾಜಿನಲ್ಲಿ ಅತಿ ಕಡಿಮೆ ಕೂಗು ಯೂನಿಟ್‌ಗೆ 10 ರೂಪಾಯಿ 95 ಪೈಸೆ. 2020ರ ಡಿಸೆಂಬರ್‌ನಲ್ಲಿ ಗುಜರಾತಿನಲ್ಲಿ 1 ರೂಪಾಯಿ 99 ಪೈಸೆ. ಹತ್ತು ವರ್ಷದಲ್ಲಿ ಐದನೇ ಒಂದು ಭಾಗಕ್ಕಿಂತ ಕೆಳಗೆ. 2010ರ ಬೆಲೆ ಇಟ್ಟುಕೊಂಡ ಮಾಡೆಲ್ ಸೋಲಾರನ್ನು ಹತ್ತಿರಕ್ಕೂ ಸೇರಿಸುತ್ತಿರಲಿಲ್ಲ. ಇನ್ನೊಂದು ಹೇಳುತ್ತೇನೆ. ಕೇಂದ್ರ ವಿದ್ಯುತ್ ಪ್ರಾಧಿಕಾರ 2029–30ಕ್ಕೆ ಯಾವ ಸ್ಥಾವರ ಎಷ್ಟು ಬೇಕು ಅಂತ ಲೆಕ್ಕ ಹಾಕಿ 2020ರಲ್ಲಿ ವರದಿ ಕೊಟ್ಟಿತು. ಗಾಳಿ 140 ಗಿಗಾವ್ಯಾಟ್, ಬ್ಯಾಟರಿ 27 ಗಿಗಾವ್ಯಾಟ್. (ಒಂದು ಗಿಗಾವ್ಯಾಟ್ ಅಂದರೆ 1,000 ಮೆಗಾವ್ಯಾಟ್.) 2023ರಲ್ಲಿ ಅದೇ ಲೆಕ್ಕ ಮತ್ತೆ ಮಾಡಿದಾಗ ಗಾಳಿ ಸುಮಾರು 100ಕ್ಕೆ ಇಳಿಯಿತು, ಬ್ಯಾಟರಿ 41 ದಾಟಿತು. ಇದನ್ನು ನೋಡಿ ಮಾಡೆಲ್ ಸುಳ್ಳು ಅನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಬೆಲೆ ಬದಲಾದಾಗ ಲೆಕ್ಕ ಬದಲಾಗದಿದ್ದರೆ ಆಗ ಹೆದರಬೇಕು. ಮೂರು ವರ್ಷಕ್ಕೊಮ್ಮೆ ಹೊಸದಾಗಿ ಮಾಡಿದ್ದೇ ಸರಿ.

ನಿಮ್ಮ ಮೋಟರ್ ಎಲ್ಲಿದೆ ಅಂದಿರಲ್ಲ. 10 ಎಚ್‌ಪಿ ಅಂದರೆ ಏಳೂವರೆ ಕಿಲೋವ್ಯಾಟ್. ಎಂಟು ಗಂಟೆ ಓಡಿದರೆ 60 ಯೂನಿಟ್. ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್‌ಗೆ ಸರಾಸರಿ 700 ಗ್ರಾಂ ಇಂಗಾಲದ ಡೈಆಕ್ಸೈಡ್. ಅಲ್ಲಿಗೆ ಒಂದು ರಾತ್ರಿಗೆ 42 ಕಿಲೋ. ಇದೂ ಸರಾಸರಿಯೇ ನೋಡಿ. ರಾತ್ರಿ ಸೋಲಾರ್ ಇಲ್ಲ, ಕಲ್ಲಿದ್ದಲಿನ ಪಾಲು ಜಾಸ್ತಿ. ಅದೇ ಮೋಟರ್ ಮಧ್ಯಾಹ್ನ ಓಡಿದರೆ ಲೆಕ್ಕ ಬೇರೆ. ಹಳೇ ಮಾಡೆಲ್‌ಗಳು ವರ್ಷವನ್ನು ಬೇಸಿಗೆ ಹಗಲು, ಬೇಸಿಗೆ ರಾತ್ರಿ, ಮಳೆಗಾಲದ ಹಗಲು ಅಂತ ಕೆಲವೇ ತುಂಡು ಮಾಡುತ್ತಿದ್ದವು. ಈಗ 8,760 ಗಂಟೆಗಳನ್ನೂ ಬಿಡಿಬಿಡಿಯಾಗಿ ನೋಡುವ ಮಾಡೆಲ್‌ಗಳಿವೆ. ಗಂಟೆ ಲೆಕ್ಕ ಬಂದಮೇಲೆ ಹಗಲಿನ ಪಂಪ್‌ಗೆ ಬೆಲೆ ಬಂತು.

ಮಳೆಯ ವಿಷಯ ಮಾತ್ರ ನನಗೆ ಒಪ್ಪಿಕೊಳ್ಳದೆ ವಿಧಿಯಿಲ್ಲ. ಎಷ್ಟೋ ಲೆಕ್ಕಗಳಲ್ಲಿ ನೀರಿನ ಕರೆಂಟು ಸರಾಸರಿ ವರ್ಷದ್ದೇ ಇರುತ್ತದೆ. ನಾನೂ ಹಾಗೆ ಹಾಕಿದ್ದೇನೆ.

ಹಾಸನದ ನಿವೃತ್ತ ಇಂಜಿನಿಯರ್:

ತಾಯಿ, ನಾನು ಮೂವತ್ತೊಂದು ವರ್ಷ ವಿದ್ಯುತ್ ಇಲಾಖೆಯಲ್ಲಿ ಇದ್ದವನು. ಸಬ್‌ಸ್ಟೇಷನ್ ಶಿಫ್ಟ್‌ನಲ್ಲೇ ಅರ್ಧ ಆಯಸ್ಸು. ಆ ಸರಾಸರಿ ಅನ್ನುವ ಮಾತಿಗೆ 2023 ಉತ್ತರ ಕೊಟ್ಟಿದೆ. ಅದನ್ನು ಹೇಳಬೇಕು.

ನಮ್ಮ ರಾಜ್ಯದಲ್ಲಿ ಬೇಡಿಕೆ ಏರುವುದು ಮಾರ್ಚ್, ಏಪ್ರಿಲ್‌ನಲ್ಲಿ. ಜೂನ್‌ಗೆ ಮಳೆ ಹಿಡಿಯಿತು ಅಂದರೆ ಪಂಪ್‌ಸೆಟ್ ನಿಲ್ಲುತ್ತದೆ. ರಾಜ್ಯದ ವಿದ್ಯುತ್ ನಿಗಮವಾದ ಕೆಪಿಸಿಯವರು ಲಿಂಗನಮಕ್ಕಿ, ಸೂಪಾ ಜಲಾಶಯ ತುಂಬಿಸಿಕೊಳ್ಳುತ್ತಾರೆ. ಥರ್ಮಲ್ ಯೂನಿಟ್‌ಗಳನ್ನು ರಿಪೇರಿಗೆ ಬಿಡುತ್ತಾರೆ. ಇದು ಪ್ರತಿ ವರ್ಷದ ಪದ್ಧತಿ. 2023ರ ಆಗಸ್ಟ್, 1901ರಿಂದ ಈಚೆಗೆ ದೇಶದಲ್ಲಿ ಅತಿ ಕಡಿಮೆ ಮಳೆ ಬಿದ್ದ ಆಗಸ್ಟ್. ನಮ್ಮ 236 ತಾಲ್ಲೂಕಿನಲ್ಲಿ 223 ಬರ ಅಂತ ಘೋಷಣೆ ಆದವು. ಮಳೆ ಇಲ್ಲ ಅಂತ ರೈತರು ಮೋಟರ್ ಹಾಕಿದರು. ಬೆಳೆ ಒಣಗುವಾಗ ಹಾಕದೆ ಇರುತ್ತಾರಾ? ಮಳೆಗಾಲದಲ್ಲಿ ಬೇಸಿಗೆಯಂಥ ಬೇಡಿಕೆ. ಅದೇ ಮಳೆ ಇಲ್ಲ ಅಂತಲೇ ಜಲಾಶಯವೂ ಖಾಲಿ. ಬೇಕಾದ್ದು ಏರಿತು, ಇದ್ದದ್ದು ಇಳಿಯಿತು, ಎರಡಕ್ಕೂ ಕಾರಣ ಒಂದೇ. ಅಕ್ಟೋಬರಿಗೆ ಪಂಪ್‌ಸೆಟ್‌ಗೆ ಕೊಡುವ ಏಳು ಗಂಟೆ ಐದಕ್ಕೆ ಇಳಿಯಿತು. ನಮ್ಮ ಆಲೂರಿನ ಭಾವಮೈದ ದಿನಾ ಫೋನ್ ಮಾಡಿ ನನ್ನನ್ನೇ ಕೇಳುತ್ತಿದ್ದ, ಜೋಳ ಒಣಗ್ತಾ ಇದೆ, ಏನು ಮಾಡಲಿ ಅಂತ. ನಿವೃತ್ತನಾದವನು ನಾನೇನು ಹೇಳಲಿ.

ಸರಾಸರಿ ಮಳೆ, ಸರಾಸರಿ ಪಂಪ್ ಲೋಡ್ ಅಂತ ಬೇರೆ ಬೇರೆ ಕಾಲಂನಲ್ಲಿ ಹಾಕಿದವರಿಗೆ ಇದು ಸಿಕ್ಕುವುದಿಲ್ಲ. ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಬೇಕು. ಕರ್ನಾಟಕದಲ್ಲಿ ಮಾರಾಟವಾಗುವ ಕರೆಂಟಿನಲ್ಲಿ ಮೂರನೇ ಒಂದು ಭಾಗದ ಆಸುಪಾಸು ನೀರೆತ್ತುವುದಕ್ಕೇ ಹೋಗುತ್ತದೆ. ಇಷ್ಟು ದೊಡ್ಡ ಪಾಲು ಮುಗಿಲು ನೋಡಿಕೊಂಡು ಏರಿಳಿಯುವಾಗ ಸರಾಸರಿ ಹಿಡಿದು ಯೋಜನೆ ಮಾಡಿದರೆ ಕಷ್ಟ.

ಹಗಲು ಕರೆಂಟಿನ ವಿಷಯ. ಪಾವಗಡದ 2,050 ಮೆಗಾವ್ಯಾಟ್ ಪಾರ್ಕ್ ಬಂದು, ಬೇರೆ ಜಿಲ್ಲೆಗಳಲ್ಲೂ ಸೋಲಾರ್ ಆದಮೇಲೆ ಮಧ್ಯಾಹ್ನ ಕರೆಂಟು ಮಿಗತೊಡಗಿತು. ಆಗ ಪಂಪ್‌ಸೆಟ್ ಫೀಡರ್‌ಗಳನ್ನು, ಅಂದರೆ ಪಂಪ್‌ಗಳಿಗೆ ಕರೆಂಟು ಒಯ್ಯುವ ಲೈನುಗಳನ್ನು, ಹಗಲಿಗೆ ತಿರುಗಿಸಲು ಶುರು ಮಾಡಿದರು. ಎಲ್ಲ ಕಡೆ ಇನ್ನೂ ಆಗಿಲ್ಲ. ಮಾಡೆಲ್ ಬರುವ ಮೊದಲೇ ಕಂಟ್ರೋಲ್ ರೂಮಿನವರ ಕಣ್ಣಿಗೆ ಅದು ಕಂಡಿತ್ತು. ಈಗ ಕಷ್ಟ ಇರುವುದು ಸಂಜೆ ಆರರಿಂದ ಹತ್ತರ ತನಕ. ಸೋಲಾರ್ ಮುಳುಗುತ್ತದೆ, ಮನೆ ದೀಪಗಳೆಲ್ಲ ಹತ್ತುತ್ತವೆ. ಆಗ ಶರಾವತಿಯೇ ಕಾಪಾಡುವುದು. ಗೇಟು ತೆಗೆದರೆ ನಿಮಿಷಗಳಲ್ಲಿ ಲೋಡು ಎತ್ತುತ್ತದೆ. ಕಲ್ಲಿದ್ದಲು ಯೂನಿಟ್ ತಣ್ಣಗಾಗಿದ್ದರೆ ಎಷ್ಟೋ ಗಂಟೆ ಬೇಕು. ಇದಕ್ಕೇ ಶರಾವತಿ ಕಣಿವೆಯಲ್ಲಿ 2,000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಮಾಡಬೇಕು ಅನ್ನುತ್ತಿರುವುದು. ಹಗಲು ನೀರು ಮೇಲೆತ್ತಿ ಸಂಜೆ ಬಿಡುವುದು. ಲೆಕ್ಕದಲ್ಲಿ ಚೆನ್ನಾಗಿದೆ. ಆದರೆ ಅದು ಸಿಂಗಳೀಕಗಳ ಅಭಯಾರಣ್ಯ. ಆ ಕಾಡಿಗೆ ಮೆಗಾವ್ಯಾಟ್ ಲೆಕ್ಕದಲ್ಲಿ ಬೆಲೆ ಕಟ್ಟುವುದು ಹೇಗೆ? ವೃತ್ತಿಯಿಂದ ನಾನು ಸ್ಥಾವರದ ಪರವೇ. ಇಲ್ಲಿ ಮಾತ್ರ ನನಗೆ ಮನಸ್ಸು ಬರುವುದಿಲ್ಲ.

ಬಾಳೂರು ತೋಟ:

ಇಬ್ಬರಿಗೂ ತುಂಬಾ ಧನ್ಯವಾದ. ಎರಡು ಸಲ ಓದಿದೆ. ಅಪ್ಪನಿಗೂ ಓದಿ ಹೇಳಿದೆ.

ಇಂಜಿನಿಯರ್ ಸರ್, ನೀವು ಹೇಳಿದ ಹಾಗೆ ಹೋದ ವರ್ಷದಿಂದ ನಮ್ಮ ಫೀಡರ್‌ಗೆ ಬೆಳಿಗ್ಗೆ ಒಂಬತ್ತಕ್ಕೆ ತ್ರೀ ಫೇಸ್ ಬರುತ್ತಿದೆ. ಈ ಸಲ ಜೆಟ್ ಹಾಕಿದ್ದು ಹಗಲಿನಲ್ಲೇ. ಬಿಸಿಲಿಗೆ ನೀರು ಆರುತ್ತದೆ, ಗಾಳಿಗೆ ಜೆಟ್ ಒಂದು ಕಡೆಗೆ ವಾಲುತ್ತದೆ, ಅದೆಲ್ಲ ಇದೆ. ಆದರೂ ನಾನು ಒಬ್ಬಳೇ ಕೆರೆಗೆ ಹೋಗಿ ಸ್ಟಾರ್ಟರ್ ಒತ್ತಿ ಬಂದೆ. ದಾರಿಯಲ್ಲಿ ಆನೆ ಲದ್ದಿ ಇತ್ತು. ನೋಡಿಕೊಂಡು ಹೋದೆ. ಅಷ್ಟೇ.

ಅರಕಲಗೂಡಿನ ತಮ್ಮನಿಗೆ ಒಂದು ಮಾತು. ಹಗಲಿನ ಪಂಪ್‌ಗೆ ಬೆಲೆ ಬಂತು ಅಂದಿರಿ. ಆ ಬೆಲೆಯಲ್ಲಿ ಕಲ್ಲಿದ್ದಲು ಉಳಿದದ್ದು ಇರುತ್ತದೆ. ರಾತ್ರಿ ಕೆರೆ ದಂಡೆಗೆ ಹೋಗಿ ವಾಪಸ್ ಬಾರದವರು ಇರುತ್ತಾರಾ? ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆಯಲ್ಲಿ ಆನೆ ತುಳಿದು ಸತ್ತವರ ಮನೆಗಳು ನಮಗೆ ಗೊತ್ತಿವೆ. ಹಗಲು ಕರೆಂಟು ಕೊಟ್ಟರೆ ಒಂದು ಜೀವ ಉಳಿಯುತ್ತದೆ ಅನ್ನುವುದು ನಿಮ್ಮ ಖರ್ಚಿನ ಲೆಕ್ಕಕ್ಕೆ ಬರಬೇಕು. ಅದು ಬಂದರೆ ದಾರಿ ಬೇರೆಯಾಗಿ ಕಾಣಬಹುದು ಅನ್ನಿಸುತ್ತದೆ.

ಚಿಕ್ಕಮಗಳೂರು ಮೇಷ್ಟ್ರು:

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನು. ಇಲ್ಲಿಗೆ ಒಂದು ವಿಷಯ ಸೇರಿಸುತ್ತೇನೆ.

ಇಂಥ ಲೆಕ್ಕ ತಜ್ಞರ ಕೈಯಲ್ಲಿ ಮಾತ್ರ ಇರಬಾರದು ಅಂತ ಡೇವಿಡ್ ಮೆಕೇ ಅನ್ನುವ ಕೇಂಬ್ರಿಡ್ಜ್‌ನ ಭೌತವಿಜ್ಞಾನಿಗೆ ಅನ್ನಿಸಿತು. ಅವರು ಬ್ರಿಟನ್ ಸರ್ಕಾರದ ಇಂಧನ ಇಲಾಖೆಗೆ ವಿಜ್ಞಾನ ಸಲಹೆಗಾರರಾಗಿದ್ದಾಗ, 2010ರಲ್ಲಿ, 2050 ಕ್ಯಾಲ್ಕುಲೇಟರ್ ಅಂತ ಒಂದು ಮಾಡಿಸಿದರು. ಯಾರು ಬೇಕಾದರೂ ತೆರೆದು, ಒಂದೊಂದು ವಿಷಯಕ್ಕೆ ಒಂದರಿಂದ ನಾಲ್ಕರವರೆಗೆ ಮಟ್ಟ ಆರಿಸಬಹುದು. ಒಂದು ಅಂದರೆ ಹೆಚ್ಚೇನೂ ಮಾಡುವುದಿಲ್ಲ, ನಾಲ್ಕು ಅಂದರೆ ಆಗುವುದರ ಕೊನೆಯ ಅಂಚಿನ ತನಕ. ಅದನ್ನು ನೋಡಿ ನಮ್ಮ ದೇಶದಲ್ಲೂ 2047ರವರೆಗಿನ ಇಂಧನ ಕ್ಯಾಲ್ಕುಲೇಟರ್ ಮಾಡಿದರು. ಈಗ ನೀತಿ ಆಯೋಗದ ಬಳಿ ಇದೆ. ಅದು ಕಡಿಮೆ ಖರ್ಚಿನ ದಾರಿ ಹುಡುಕಿ ಕೊಡುವುದಿಲ್ಲ. ನೀವು ಆರಿಸಿದ್ದರ ಫಲ ಏನು ಅಂತ ತೋರಿಸುತ್ತದೆ. ನನಗೆ ಇದೇ ಹೆಚ್ಚು ಇಷ್ಟ. ಆಯ್ಕೆ ನಮ್ಮದು ಅಂತ ಕಣ್ಣೆದುರೇ ಇರುತ್ತದೆ.

ತರಗತಿಯಲ್ಲಿ ಒಂದು ದಿನ ಬೇರೆ ಲೆಕ್ಕ ಮಾಡಿಸಿದೆ. 2021ರಲ್ಲಿ ದೆಹಲಿಯ ಸಿಇಇಡಬ್ಲ್ಯೂ ಸಂಸ್ಥೆಯವರು ಮಾಡೆಲ್ ಓಡಿಸಿ, 2070ಕ್ಕೆ ನೆಟ್ ಝೀರೋ ಆಗಬೇಕಾದರೆ 5,630 ಗಿಗಾವ್ಯಾಟ್ ಸೋಲಾರ್ ಬೇಕು ಅಂದರು. ದೊಡ್ಡ ಸಂಖ್ಯೆ ಕೇಳಿದರೆ ತಲೆಗೆ ಹತ್ತುವುದಿಲ್ಲ. ಹಾಗಾಗಿ ಮಕ್ಕಳಿಗೆ ಪಾವಗಡ ಕೊಟ್ಟೆ. 2.05 ಗಿಗಾವ್ಯಾಟ್, 13,000 ಎಕರೆ. ಭಾಗಿಸಿ ಅಂದೆ. 2,700ಕ್ಕಿಂತ ಜಾಸ್ತಿ ಪಾವಗಡ ಬಂತು. ಜಾಗ ಸುಮಾರು ಮೂರೂವರೆ ಕೋಟಿ ಎಕರೆ. ಕರ್ನಾಟಕ ಇರುವುದೇ ನಾಲ್ಕು ಮುಕ್ಕಾಲು ಕೋಟಿ ಎಕರೆ. ತರೀಕೆರೆಯ ಒಬ್ಬಳು ಹುಡುಗಿ ಬೋರ್ಡಿನ ಹತ್ತಿರ ಸೀಮೆಸುಣ್ಣ ಹಿಡಿದು ನಿಂತೇ ಇದ್ದಳು. "ಸರ್, ಒಂದು ಸೊನ್ನೆ ಜಾಸ್ತಿ ಬರೆದೆನಾ?" ಅಂತ ಕೇಳಿದಳು. ಬರೆದಿರಲಿಲ್ಲ. ಪ್ಯಾನೆಲ್‌ಗಳು ಚೆನ್ನಾದ ಹಾಗೆ ಜಾಗ ಕಡಿಮೆ ಸಾಕಾಗುತ್ತದೆ, ಮಾಳಿಗೆ ಮೇಲೂ ಹಾಕಬಹುದು, ನಿಜ. ಆದರೂ ಭೂಮಿಯ ಪ್ರಶ್ನೆ ಎಷ್ಟು ದೊಡ್ಡದು ಅಂತ ಆ ಮಕ್ಕಳಿಗೆ ಅವತ್ತು ತಿಳಿಯಿತು.

ಇನ್ನೂ ಒಂದು ಗೊಂದಲ ಜನರಲ್ಲಿದೆ. 2025ರ ಜೂನ್ ಹೊತ್ತಿಗೆ ದೇಶದ ಸ್ಥಾವರಗಳ ಸಾಮರ್ಥ್ಯದಲ್ಲಿ ಕಲ್ಲಿದ್ದಲು, ಗ್ಯಾಸ್ ಅಲ್ಲದ್ದೇ ಅರ್ಧ ಆಯಿತು. 2030ಕ್ಕೆ ಅಂತ ಇಟ್ಟಿದ್ದ ಗುರಿ ಐದು ವರ್ಷ ಮೊದಲೇ ಮುಟ್ಟಿತು. ಸಂತೋಷದ ವಿಷಯವೇ. ಆದರೆ ಅದು ಸಾಮರ್ಥ್ಯ. ನಿಜವಾಗಿ ಉತ್ಪಾದನೆಯಾಗುವ ಯೂನಿಟ್ ಲೆಕ್ಕದಲ್ಲಿ ಕಲ್ಲಿದ್ದಲಿನ ಪಾಲು ಇನ್ನೂ ಬಹಳ ದೊಡ್ಡದು. ಸೋಲಾರ್ ದಿನಕ್ಕೆ ಐದಾರು ಗಂಟೆ ಮಾತ್ರ ಚೆನ್ನಾಗಿ ದುಡಿಯುತ್ತದೆ. ಪಟ್ಟಿಯ ಚಿತ್ರ ನೋಡುವಾಗ ಇದು ಸಾಮರ್ಥ್ಯದ್ದಾ, ಯೂನಿಟ್‌ದ್ದಾ ಅಂತ ಮೊದಲು ಕೇಳಿ.

ಅರಕಲಗೂಡಿನವನು:

ಅಕ್ಕ, ಆನೆ ವಿಷಯ ನಮ್ಮ ಯಾವ ಲೆಕ್ಕದಲ್ಲೂ ಇಲ್ಲ. ನೀವು ಹೇಳುವವರೆಗೂ ನನಗೆ ಹೊಳೆದಿರಲೇ ಇಲ್ಲ. ಅದೂ ಹಾಸನ ಜಿಲ್ಲೆಯವನಿಗೆ. ಪಂಪ್‌ಸೆಟ್ ಲೋಡನ್ನು ಹಗಲಿಗೆ ತಿರುಗಿಸುವ ಲಾಭ ಬರೆಯುವ ಅಧ್ಯಾಯ ಈಗ ನನ್ನ ಮೇಜಿನ ಮೇಲೇ ಇದೆ. ರಾತ್ರಿ ಹೊರಗೆ ಹೋಗುವ ಅಪಾಯ ಅಂತ ಅದರಲ್ಲಿ ಸೇರಿಸುತ್ತೇನೆ. ರೂಪಾಯಿ ಕಟ್ಟಲು ಆಗದಿದ್ದರೆ ಮಾತಿನಲ್ಲಾದರೂ ಬರೆಯುತ್ತೇನೆ.

ಇಂಜಿನಿಯರ್ ಸರ್ ಹೇಳಿದ ಹಗ್ಗದ ಮಾತು ಸರಿ. ಮಾಡುವ ಕ್ರಮವೂ ಇದೆ. ಒಂದು ಸರಾಸರಿ ವರ್ಷದ ಬದಲು ನಿಜವಾಗಿ ಆಗಿಹೋದ ನಲವತ್ತು, ಐವತ್ತು ವರ್ಷದ ಮಳೆಯನ್ನು ಒಂದೊಂದಾಗಿ ಓಡಿಸುವುದು. ಅದೇ ಮಳೆಯಿಂದ ಜಲಾಶಯದ ಮಟ್ಟವನ್ನೂ ಪಂಪ್ ಲೋಡನ್ನೂ ತೆಗೆಯುವುದು. ಆಗ 2023ರಂಥ ವರ್ಷದಲ್ಲಿ ಯಾವ ದಾರಿ ಮುರಿಯುತ್ತದೆ, ಯಾವುದು ನಿಲ್ಲುತ್ತದೆ ಅಂತ ಕಾಣುತ್ತದೆ. ಎಲ್ಲಕ್ಕಿಂತ ಅಗ್ಗದ ದಾರಿ ಒಂದು ಬರಕ್ಕೆ ಕುಸಿಯುವುದಾದರೆ, ನಾಲ್ಕು ಕಾಸು ಜಾಸ್ತಿಯಾದರೂ ನಿಲ್ಲುವ ದಾರಿ ಮೇಲು. ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿಯಲ್ಲಿ ಒಂದು ಸಾಲಿದೆ. 1951ರಿಂದ 2015ರ ನಡುವೆ ದೇಶದ ಮುಂಗಾರು ಮಳೆ ಸುಮಾರು 6% ಇಳಿದಿದೆ. ಆ ಇಳಿಕೆ ಎದ್ದು ಕಾಣುವ ಎರಡು ಜಾಗದಲ್ಲಿ ಒಂದು ಪಶ್ಚಿಮ ಘಟ್ಟ. ನಮ್ಮ ಜಲಾಶಯಗಳಿಗೆಲ್ಲ ನೀರು ಬರುವುದು ಅಲ್ಲಿಂದಲೇ. ಹಾಗಾಗಿ ಹಳೇ ಸರಾಸರಿಯನ್ನು ಮುಂದಿನ ಐವತ್ತು ವರ್ಷಕ್ಕೆ ಎಳೆದುಕೊಂಡು ಹೋಗಬಾರದು.

ಇದಕ್ಕೆ ಘಟ್ಟದ ಅಂಚಿನ ಮಳೆ ಬೇಕು. ಸರ್ಕಾರಿ ಮಾಪಕಗಳು ದೂರ ದೂರ ಇವೆ. ನಿಮ್ಮ ಅಪ್ಪ ಬರೆದಂಥ ಪುಸ್ತಕ ಮೂಡಿಗೆರೆ, ಸಕಲೇಶಪುರದ ಎಷ್ಟು ತೋಟಗಳ ಬೀರುವಿನಲ್ಲಿದೆಯೋ! ನಿಮಗೆ ಒಪ್ಪಿಗೆ ಇದ್ದರೆ ಫೋಟೋ ತೆಗೆದು ಕಳಿಸುತ್ತೀರಾ? ಟೈಪ್ ಮಾಡುವ ಕೆಲಸ ನನ್ನದು. ಒಂದೇ ಕೋರಿಕೆ. ಬರೆಯದ ದಿನ ಇದ್ದರೆ ಹಾಗೇ ಬಿಡಿ. ಅಂದಾಜಿನಲ್ಲಿ ತುಂಬಿಸಬೇಡಿ. ಸೊನ್ನೆ ಬೇರೆ, ಅಳೆಯದ ದಿನ ಬೇರೆ.

ಬಾಳೂರು ತೋಟ:

ಅಪ್ಪನನ್ನು ಕೇಳಿದೆ. ಮೊದಲು ಬೇಡ ಅಂದರು. ಅವರ ಅಕ್ಷರ ಈಗೀಗ ಸೊಟ್ಟ ಆಗಿದೆ ಅಂತ ಸಂಕೋಚ. ಆಮೇಲೆ ತಾವೇ ಬೀರು ತೆಗೆದು ಪುಸ್ತಕಗಳನ್ನು ಜಗಲಿಗೆ ತಂದಿಟ್ಟರು. ನಿನ್ನೆಯಿಂದ ಫೋಟೋ ತೆಗೆಯುತ್ತಿದ್ದೇನೆ. 1987ರ ತನಕ ಮುಗಿಯಿತು. ಎರಡು ಪುಸ್ತಕದ ಅಂಚು ಗೆದ್ದಲು ತಿಂದಿದೆ. ಅಂಕಿಗಳು ಕಾಣುತ್ತವೆ.

ಒಂದು ಕಡೆ ಮಾತ್ರ ಏನು ಮಾಡಬೇಕು ಹೇಳಿ. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ಆ ವಾರ, ಒಂದು ದಿನದ ಎದುರು ಅಪ್ಪ ಅಂಕಿ ಬರೆದಿಲ್ಲ. "ತುಂಬಿ ಹೊರಗೆ ಹರಿದಿದೆ" ಅಂತ ಬರೆದಿದ್ದಾರೆ. ಕೇಳಿದರೆ, ರಾತ್ರಿ ಎರಡಕ್ಕೆ ಎದ್ದು ಒಮ್ಮೆ ಚೆಲ್ಲಿ ಬಂದಿದ್ದೆ, ಬೆಳಿಗ್ಗೆ ನೋಡಿದರೆ ಮತ್ತೆ ತುಂಬಿ ಹರಿಯುತ್ತಿತ್ತು ಅನ್ನುತ್ತಾರೆ.

ಅರಕಲಗೂಡಿನವನು:

ಹಾಗೇ ಕಳಿಸಿ ಅಕ್ಕ. ಅವರು ಬರೆದ ಮಾತನ್ನೇ ಆ ದಿನದ ಎದುರು ಟೈಪ್ ಮಾಡುತ್ತೇನೆ. ರಾತ್ರಿ ಎರಡಕ್ಕೆ ಒಮ್ಮೆ ಚೆಲ್ಲಿದ್ದು ಅಂತ ಪಕ್ಕದಲ್ಲಿ ಸೇರಿಸುತ್ತೇನೆ. ಮಾಪಕ ಎಷ್ಟು ಇಂಚಿಗೆ ತುಂಬುತ್ತದೆ ಅಂತ ಒಂದು ಸಲ ಅಳೆದು ಹೇಳಿ. ಅದರ ಎರಡು ಪಟ್ಟಿಗಿಂತ ಜಾಸ್ತಿ ಬಿದ್ದಿದೆ ಅಂತಲಾದರೂ ಗೊತ್ತಾಗುತ್ತದೆ.